ಯುದ್ಧದ ಸುದ್ದಿಯಲ್ಲಿ ‘ನಾಗರಿಕ’ ಅಂದರೆ ಯಾರು? ‘ಅಮಾಯಕ’ ಅಂತ ಬರೆಯಬಹುದೇ?

ಪ್ರಶ್ನೆ: ಸರ್, ನಮಸ್ಕಾರ. ನಾನು ಜಿಲ್ಲಾ ಮಟ್ಟದ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿ. ದೇಶ-ವಿದೇಶ ಪುಟ ನನ್ನದು. ಏಜೆನ್ಸಿಯಿಂದ ಬರುವ ಯುದ್ಧದ ಸುದ್ದಿಯನ್ನು ರಾತ್ರಿ ಪುಟ ಕಟ್ಟುವ ಗಡಿಬಿಡಿಯಲ್ಲಿ ಕನ್ನಡಕ್ಕೆ ತರುತ್ತೇನೆ. ‘ಸಿವಿಲಿಯನ್’ ಅಂತ ಬಂದ ಕಡೆ ಒಮ್ಮೆ ‘ನಾಗರಿಕರು’, ಒಮ್ಮೆ ‘ಜನಸಾಮಾನ್ಯರು’ ಅಂತ ಹಾಕುತ್ತೇನೆ. ಶೀರ್ಷಿಕೆಗೆ ‘ಅಮಾಯಕರು’ ಅನ್ನುವುದು ನಮ್ಮಲ್ಲಿ ರೂಢಿ. ಮೊನ್ನೆ ಓದುಗರೊಬ್ಬರು ಫೋನ್ ಮಾಡಿ, ‘ಸತ್ತವರಲ್ಲಿ ಉಗ್ರರಿಗೆ ಅನ್ನ ಹಾಕಿದವರೂ ಇರಬಹುದು. ಅಮಾಯಕರು ಅಂತ ನಿಮಗೆ ಯಾರು ಹೇಳಿದರು?’ ಅಂತ ರೇಗಿದರು. ನನಗೆ ಉತ್ತರ ಹೊಳೆಯಲಿಲ್ಲ. ನಿಜಕ್ಕೂ ನಾಗರಿಕ ಅಂದರೆ ಯಾರು? ಪೊಲೀಸರು, ನಿವೃತ್ತ ಸೈನಿಕರು, ಸೇನೆಗೆ ಅಡುಗೆ ಮಾಡುವವರು ಇವರೆಲ್ಲ ಯಾವ ಕಡೆ? ಕಣ್ಣು ಮುಚ್ಚಿ ಬಳಸಬಹುದಾದ ಒಂದು ಪದ ಇದೆಯಾ? ತಪ್ಪು ಪದ ಅಚ್ಚಾಗಿಬಿಟ್ಟರೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಬೆರೆತಿವೆ. ಯಾವ ಪದ ಸರಿ ಅನ್ನುವುದು ಒಂದು. ಸತ್ತವರ ಬಗ್ಗೆ ನಮಗೆ ಗೊತ್ತಿಲ್ಲದ್ದನ್ನು ಹೇಳಿಬಿಟ್ಟೆವಾ ಅನ್ನುವುದು ಇನ್ನೊಂದು. ನಾನು ಕಾನೂನು ಕಾಲೇಜಿನಲ್ಲಿ ಯುದ್ಧದ ಕಾನೂನು ಪಾಠ ಮಾಡುತ್ತೇನೆ, ಪತ್ರಕರ್ತರ ತರಬೇತಿಗೂ ಹೋಗುತ್ತೇನೆ. ಅಲ್ಲಿ ಎಲ್ಲರೂ ಕೇಳುವುದು ಮೊದಲನೆಯದನ್ನು. ಜೀವ ಹೋಗುವುದು, ಮಾನ ಹೋಗುವುದು ಎರಡನೆಯದರಲ್ಲಿ.

ಫೋನ್ ಮಾಡಿದವರ ಮಾತಿನಲ್ಲಿ ಅರ್ಧ ಸರಿ ಇದೆ. ಸತ್ತವರು ಅಮಾಯಕರು ಅನ್ನಲು ನಿಮ್ಮ ಹತ್ತಿರ ಆಧಾರ ಇರಲಿಲ್ಲ. ಏಜೆನ್ಸಿಯವರೂ ಹಾಗೆ ಬರೆದಿರಲಿಲ್ಲ. ಆದರೆ ‘ಅಮಾಯಕರಲ್ಲ ಅಂದಮೇಲೆ ನಾಗರಿಕರೂ ಅಲ್ಲ’ ಅನ್ನುವ ಅವರ ಲೆಕ್ಕ ಪೂರ್ತಿ ತಪ್ಪು. ಯುದ್ಧದ ಕಾನೂನು ಯಾರ ನಡತೆಯನ್ನೂ ವಿಚಾರಿಸುವುದಿಲ್ಲ. ಸಾಲ ಮುಳುಗಿಸಿದವನು, ಬಂಡುಕೋರರ ಪಕ್ಷಕ್ಕೆ ಮತ ಹಾಕಿದವನು, ಅವರ ಹಾಡು ಗುನುಗುವವನು, ಅವರ ತಮ್ಮ, ಅವರ ಹೆಂಡತಿ ಎಲ್ಲರೂ ನಾಗರಿಕರೇ. ತಪ್ಪು ಮಾಡಿದ್ದರೆ ಠಾಣೆ ಇದೆ, ಕೋರ್ಟ್ ಇದೆ. ಮೇಲಿನಿಂದ ಬಾಂಬ್ ಹಾಕಲು ಅದು ಕಾರಣವಾಗುವುದಿಲ್ಲ.

1949ರ ಆಗಸ್ಟ್ 12ರಂದು, ಯುದ್ಧದಲ್ಲಿ ಯಾರನ್ನು ಹೇಗೆ ಕಾಪಾಡಬೇಕು ಅಂತ ಹೇಳುವ ನಾಲ್ಕು ಜಿನೀವಾ ಒಪ್ಪಂದಗಳಾದವು. ನಾಲ್ಕನೆಯದು ನಾಗರಿಕರ ರಕ್ಷಣೆಗೇ ಮೀಸಲು. ಆದರೂ ‘ನಾಗರಿಕ’ ಅಂದರೆ ಯಾರು ಅನ್ನುವ ವ್ಯಾಖ್ಯೆ ಅದರಲ್ಲಿ ಇಲ್ಲ. ಅದು ಬಂದದ್ದು 28 ವರ್ಷದ ಮೇಲೆ, 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ (ಅಂದರೆ ಆ ಒಪ್ಪಂದಗಳಿಗೆ ಸೇರಿಸಿದ ಪೂರಕ ಒಪ್ಪಂದದ) 50ನೇ ವಿಧಿಯಲ್ಲಿ. ಅಲ್ಲೂ ನಾಗರಿಕರ ಪಟ್ಟಿ ಮಾಡಿಲ್ಲ. ಸೇನೆಯವರು ಯಾರು ಅಂತ ಹೇಳಿ, ಉಳಿದವರೆಲ್ಲ ನಾಗರಿಕರು ಅಂದುಬಿಟ್ಟಿದೆ. ಅನುಮಾನ ಬಂದರೆ ನಾಗರಿಕ ಅಂತಲೇ ತಿಳಿಯಬೇಕು ಅನ್ನುತ್ತದೆ. ಊರ ಜನರ ನಡುವೆ ಒಂದಷ್ಟು ಮಂದಿ ಹೋರಾಟಗಾರರು ಸೇರಿಕೊಂಡ ಮಾತ್ರಕ್ಕೆ ಊರಿಗೆ ಊರೇ ರಕ್ಷಣೆ ಕಳೆದುಕೊಳ್ಳುವುದಿಲ್ಲ ಅಂತಲೂ ಅದೇ ವಿಧಿಯಲ್ಲಿದೆ.

ಭಾರತ 1950ರಲ್ಲೇ ಜಿನೀವಾ ಒಪ್ಪಂದಗಳನ್ನು ಒಪ್ಪಿಕೊಂಡಿತು. 1960ರಲ್ಲಿ ಅದಕ್ಕೊಂದು ಕಾಯ್ದೆಯನ್ನೂ ಮಾಡಿತು. 1977ರ ಪ್ರೋಟೊಕಾಲ್‌ಗೆ ಮಾತ್ರ ಸೇರಿಲ್ಲ. ಅಮೆರಿಕ, ಇಸ್ರೇಲ್ ಕೂಡ ಅದನ್ನು ಅನುಮೋದಿಸಿಲ್ಲ. ಹಾಗಾದರೆ ಈ ದೇಶಗಳಿಗೆ ಇದು ಅನ್ವಯಿಸಲ್ಲ ಅಲ್ವಾ ಅಂತ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಹಾಗಲ್ಲ. ಸೈನಿಕರನ್ನೂ ನಾಗರಿಕರನ್ನೂ ಬೇರೆ ಮಾಡಿ ನೋಡಬೇಕು, ನಾಗರಿಕರನ್ನು ಗುರಿ ಮಾಡಬಾರದು ಅನ್ನುವ ಮೂಲ ನಿಯಮ ರೂಢಿಯ ಕಾನೂನಾಗಿ ಎಲ್ಲ ದೇಶಗಳಿಗೂ ಅನ್ವಯಿಸುತ್ತದೆ. ಸಹಿ ಹಾಕಿದ್ದಾರೋ ಇಲ್ಲವೋ ಅನ್ನುವುದು ಇಲ್ಲಿ ಬರುವುದಿಲ್ಲ.

ನಾಗರಿಕ ಈ ರಕ್ಷಣೆ ಕಳೆದುಕೊಳ್ಳುವುದು ಒಂದೇ ಸಂದರ್ಭದಲ್ಲಿ: ತಾನೇ ಹೋರಾಟಕ್ಕೆ ಇಳಿದಾಗ, ಅದೂ ಇಳಿದಿರುವಷ್ಟು ಹೊತ್ತು ಮಾತ್ರ. ಗುಂಡು ಹಾರಿಸುವುದು, ರಸ್ತೆಯಲ್ಲಿ ಬಾಂಬ್ ಹೂಳುವುದು, ಫಿರಂಗಿಗೆ ಗುರಿ ತೋರಿಸಿಕೊಡುವುದು ಈ ಸಾಲಿಗೆ ಸೇರುತ್ತವೆ. ಅನ್ನ ಹಾಕುವುದು ಸೇರುವುದಿಲ್ಲ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2009ರಲ್ಲಿ ಇದರ ಬಗ್ಗೆಯೇ ಒಂದು ಮಾರ್ಗಸೂಚಿ ಪ್ರಕಟಿಸಿತು. ಅದೂ ಇದನ್ನೇ ಹೇಳುತ್ತದೆ. ನಮ್ಮ ಮಲೆನಾಡಿನಲ್ಲಿ ನಕ್ಸಲರ ಓಡಾಟ ಇದ್ದ ವರ್ಷಗಳನ್ನು ನೆನಪಿಸಿಕೊಳ್ಳಿ. ಅದು ಕಾನೂನಿನ ಅರ್ಥದಲ್ಲಿ ಯುದ್ಧ ಅಲ್ಲ. ಆದರೆ ಕಾಡಂಚಿನ ಒಂಟಿಮನೆಗೆ ರಾತ್ರಿ ಹೊತ್ತು ಬಂದೂಕು ಹಿಡಿದವರು ಬಂದು ಊಟ ಕೇಳಿದರೆ ಇಲ್ಲ ಅನ್ನುವುದಕ್ಕೆ ಯಾರಿಗೆ ಧೈರ್ಯ ಬರುತ್ತದೆ? ಬೆಳಿಗ್ಗೆ ಪೊಲೀಸರು ಬಂದು ‘ಯಾಕೆ ಹಾಕಿದೆ?’ ಅಂದರೆ ಏನು ಹೇಳುವುದು? ನಿಮ್ಮ ಓದುಗರಿಗೆ ಮತ್ತೆ ಮಾತಾಡುವ ಅವಕಾಶ ಸಿಕ್ಕರೆ ಇದನ್ನೇ ಕೇಳಿ ನೋಡಿ.

ನೀವು ಕೇಳಿದ ಜನರ ವಿಷಯ ಬೇಗ ಹೇಳಿಬಿಡುತ್ತೇನೆ. ಊರಿನ ಠಾಣೆಯ ಪೊಲೀಸರು ಸಾಮಾನ್ಯವಾಗಿ ನಾಗರಿಕರು. ಒಂದು ದೇಶ ತನ್ನ ಪೊಲೀಸ್ ಪಡೆಯನ್ನು ಸೇನೆಗೆ ಸೇರಿಸಿಕೊಂಡರೆ ಲೆಕ್ಕ ಬದಲಾಗುತ್ತದೆ. ಹಾಗಾಗಿ ಗಡಿ ಕಾಯುವ ಅರೆಸೇನಾ ಪಡೆಗಳನ್ನು ಠಾಣೆಯ ಪೊಲೀಸರ ಜೊತೆ ಒಂದೇ ಕಂತೆ ಕಟ್ಟಬೇಡಿ. ನಿವೃತ್ತ ಸೈನಿಕ ನಾಗರಿಕ. ರಜೆಯ ಮೇಲೆ ಊರಿಗೆ ಬಂದ ಸೈನಿಕ ಸೈನಿಕನೇ. ಸೇನೆಯ ಸಿಬ್ಬಂದಿ ಅಲ್ಲದೆ, ಗುತ್ತಿಗೆ ಮೇಲೆ ಅಡುಗೆ ಮಾಡುವವನು ನಾಗರಿಕ. ಪತ್ರಕರ್ತರು ನಾಗರಿಕರು. ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರೂ ನಾಗರಿಕರು, ಕಾರ್ಖಾನೆ ಮಾತ್ರ ದಾಳಿಯ ಗುರಿಯಾಗಬಹುದು. ಗಾಯಗೊಂಡು ಬಿದ್ದ ಸೈನಿಕನನ್ನು ಕೊಲ್ಲುವಂತಿಲ್ಲ, ಆದರೆ ಅವನನ್ನು ನಾಗರಿಕ ಅಂತ ಬರೆಯಬಾರದು. 2025ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಅಣಕು ಕಾರ್ಯಾಚರಣೆ ಮಾಡಿದ ನಾಗರಿಕ ರಕ್ಷಣಾ ಸ್ವಯಂಸೇವಕರು ಸಮವಸ್ತ್ರ ಹಾಕಿದರೂ ನಾಗರಿಕರೇ. ಅವರಿಗೆ ಅಂತಲೇ ಕಿತ್ತಳೆ ಬಣ್ಣದ ಮೇಲೆ ನೀಲಿ ತ್ರಿಕೋನದ ಅಂತರರಾಷ್ಟ್ರೀಯ ಗುರುತು ಇದೆ.

ಈಗ ನನ್ನನ್ನು ಜಾಸ್ತಿ ಕಾಡುವ ವಿಷಯಕ್ಕೆ ಬರುತ್ತೇನೆ. ‘ನಾಗರಿಕ’ ಅನ್ನುವುದಕ್ಕೆ ಯಾವ ಪದ ಅಂತ ನಾವು ಇಷ್ಟು ತಲೆ ಕೆಡಿಸಿಕೊಳ್ಳುತ್ತೇವೆ. ಎದುರಿನ ಪದವನ್ನು, ಅಂದರೆ ‘ಉಗ್ರ’ ಅನ್ನುವುದನ್ನು, ಸುಮ್ನೆ ಬರೆದುಬಿಡುತ್ತೇವೆ. ಸತ್ತವನನ್ನು ಅಮಾಯಕ ಅಂದರೆ ಫೋನ್ ಬರುತ್ತದೆ. ಉಗ್ರ ಅಂದರೆ ಯಾರೂ ಫೋನ್ ಮಾಡುವುದಿಲ್ಲ.

2025ರ ಮೇ 7ರಂದು ಪಾಕಿಸ್ತಾನದ ಶೆಲ್ ದಾಳಿಗೆ ಜಮ್ಮುವಿನ ಪೂಂಚ್ ಪಟ್ಟಣದಲ್ಲಿ ಜನ ಸತ್ತರು. ಅವರಲ್ಲಿ ಒಬ್ಬರು ಸ್ಥಳೀಯ ಮದರಸಾದಲ್ಲಿ ಪಾಠ ಹೇಳುತ್ತಿದ್ದವರು. ಭಾರತದ ನೆಲದಲ್ಲಿ, ಶತ್ರುವಿನ ಶೆಲ್‌ಗೆ ಸತ್ತ ಭಾರತೀಯ. ಕೆಲವು ಟಿವಿ ವಾಹಿನಿಗಳು ಅವರ ಫೋಟೊ ಹಾಕಿ, ನಮ್ಮ ದಾಳಿಯಲ್ಲಿ ಗಡಿಯಾಚೆ ಸತ್ತ ಉಗ್ರ ಅಂತ ಬಿತ್ತರಿಸಿದವು. ಗಡ್ಡ, ಟೋಪಿ, ಒಂದು ಮುಸ್ಲಿಂ ಹೆಸರು ಬಿಟ್ಟರೆ ಆ ಫೋಟೊದಲ್ಲಿ ಇನ್ನೇನು ಇತ್ತು? ಪೂಂಚ್‌ನ ಪೊಲೀಸರೇ ಹೇಳಿಕೆ ಕೊಟ್ಟು, ಅವರಿಗೂ ಉಗ್ರವಾದಕ್ಕೂ ಸಂಬಂಧ ಇಲ್ಲ, ಸುಳ್ಳು ಸುದ್ದಿ ಹಬ್ಬಿಸಿದರೆ ಕ್ರಮ ಜರುಗಿಸುತ್ತೇವೆ ಅನ್ನಬೇಕಾಯಿತು. ಮನೆಯವರು ಹೆಣ ಮಣ್ಣು ಮಾಡುವ ಹೊತ್ತಿನಲ್ಲೇ ಆ ಪದ ದೇಶವೆಲ್ಲ ಸುತ್ತಿತ್ತು.

ಇದು ಹೊಸದೇನಲ್ಲ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲೈ ಅನ್ನುವ ಹಳ್ಳಿಗೆ ಅಮೆರಿಕದ ಸೇನೆ ನುಗ್ಗಿತು. 128 ಶತ್ರುಗಳನ್ನು ಕೊಂದೆವು, 3 ಬಂದೂಕು ಸಿಕ್ಕವು ಅಂತ ಸೇನೆ ವರದಿ ಕೊಟ್ಟಿತು. ಪತ್ರಿಕೆಗಳು ಅದನ್ನು ಗೆಲುವಿನ ಸುದ್ದಿಯಾಗಿ ಹಾಕಿದವು. ನಿಜ ಹೊರಗೆ ಬರಲು 20 ತಿಂಗಳು ಹಿಡಿಯಿತು. ಸತ್ತವರು ಮುದುಕರು, ಹೆಂಗಸರು, ಮಕ್ಕಳು, ಕೈಗೂಸುಗಳು. ವಿಯೆಟ್ನಾಂನವರ ಸ್ಮಾರಕದಲ್ಲಿ 504 ಹೆಸರುಗಳಿವೆ. ನನ್ನ ವಿದ್ಯಾರ್ಥಿಗಳಿಗೆ ಆ ಮೊದಲ ವರದಿಯ ಎರಡು ಸಂಖ್ಯೆಗಳನ್ನು ಮಾತ್ರ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. 128 ಹೆಣ, 3 ಬಂದೂಕು. ಪುಟ ಕಟ್ಟುವವರು ಅವತ್ತೇ ‘ಉಳಿದ 125 ಜನರ ಕೈಯಲ್ಲಿ ಏನಿತ್ತು?’ ಅಂತ ಕೇಳಬಹುದಿತ್ತು. ಶತ್ರು ಅನ್ನುವ ಪದ ಆ ಪ್ರಶ್ನೆ ಏಳದಂತೆ ಮಾಡಿತು.

2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲೂ ಹೀಗೇ ಆಯಿತು. ಅಮೆರಿಕದ ಡ್ರೋನ್ ಒಂದು ಬಿಳಿ ಕಾರಿಗೆ ಹೊಡೆಯಿತು. ಕಾರಿನಲ್ಲಿ ಬಾಂಬ್ ಇತ್ತು, ಉಗ್ರ ಸತ್ತ ಅಂತ ಸುದ್ದಿ ಬಂತು. ಆತ ಒಂದು ನೆರವು ಸಂಸ್ಥೆಯ ನೌಕರ. ಕಾರಿಗೆ ತುಂಬಿದ್ದು ಮನೆಗೆ ಒಯ್ಯುವ ನೀರಿನ ಕ್ಯಾನುಗಳು. ಒಟ್ಟು 10 ಜನ ಸತ್ತರು, ಅವರಲ್ಲಿ 7 ಮಕ್ಕಳು. ಪತ್ರಕರ್ತರು ಬೆನ್ನು ಹತ್ತಿದ ಮೇಲೆ, ಸೆಪ್ಟೆಂಬರ್ 17ರಂದು, ಸೇನೆ ತಪ್ಪು ಒಪ್ಪಿಕೊಂಡಿತು.

ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟು: ‘ಉಗ್ರ’, ‘ಬಂಡುಕೋರ’ ಅಂತ ಬರೆಯುವಾಗ ಅದನ್ನು ಹೇಳಿದ್ದು ಯಾರು ಅನ್ನುವುದು ಅದೇ ವಾಕ್ಯದಲ್ಲಿ ಇರಲಿ. ‘20 ಉಗ್ರರ ಹತ್ಯೆ’ ಬೇಡ. ‘20 ಉಗ್ರರನ್ನು ಕೊಂದಿದ್ದೇವೆ: ಸೇನೆ’ ಅಂತಿರಲಿ. ನಾಲ್ಕೈದು ಅಕ್ಷರ ಜಾಸ್ತಿ ಆಗುತ್ತದೆ, ಅಷ್ಟೇ. ಟಿವಿಯವರ ‘ಉಡೀಸ್’, ‘ಮಟಾಶ್’, ‘ಫಿನಿಶ್’ಗಳನ್ನು ಪತ್ರಿಕೆಗೆ ತರಬೇಡಿ. ಸತ್ತದ್ದು ಯಾರು ಅಂತ ಖಚಿತವಾಗುವ ಮೊದಲೇ ಆ ಪದಗಳು ಕುಣಿದುಬಿಡುತ್ತವೆ.

‘ಹೆಂಗಸರು, ಮಕ್ಕಳು ಸೇರಿ ಇಷ್ಟು ಮಂದಿ’ ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ಮಕ್ಕಳು ಸತ್ತಿದ್ದರೆ ಅದನ್ನು ಬರೆಯಲೇಬೇಕು. ಆದರೆ ಈ ಮಾತು ಅಭ್ಯಾಸವಾಗಿಬಿಟ್ಟರೆ, ಉಳಿದ ಗಂಡಸರು ಹೇಗಿದ್ದರೂ ಹೋರಾಟಗಾರರೇ ಇರಬೇಕು ಅನ್ನುವ ಭಾವನೆ ಓದುಗರಲ್ಲಿ ಕೂತುಬಿಡುತ್ತದೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಅಲ್ಲಿನ ಸರ್ಬ್ ಸೇನೆಯವರು ಹೆಂಗಸರು ಮಕ್ಕಳನ್ನು ಬಸ್ಸು ಹತ್ತಿಸಿ ಕಳಿಸಿ, ಗಂಡಸರನ್ನೂ ಹುಡುಗರನ್ನೂ ಬೇರೆ ಮಾಡಿ ಕೊಂದರು. ಸುಮಾರು 8,000 ಜನ. ‘ಸೇನೆಗೆ ಸೇರುವ ವಯಸ್ಸಿನವರು’ ಅನ್ನುವುದೇ ಅವರ ಮೇಲಿನ ಆರೋಪ. ಅಂತರರಾಷ್ಟ್ರೀಯ ನ್ಯಾಯಾಲಯಗಳು ಅದನ್ನು ನರಮೇಧ ಅಂತ ತೀರ್ಪು ಕೊಟ್ಟವು. ವಯಸ್ಸು ಯಾರನ್ನೂ ಸೈನಿಕನನ್ನಾಗಿ ಮಾಡುವುದಿಲ್ಲ. ಇಪ್ಪತ್ತೈದರ ಕ್ಷೌರಿಕನೂ ನಾಗರಿಕನೇ.

‘ಊರು ಬಿಡಿ ಅಂತ ಮೊದಲೇ ಎಚ್ಚರಿಸಿದ್ದರು, ಬಿಡದೆ ಉಳಿದವರು ನಾಗರಿಕರಲ್ಲ’ ಅನ್ನುವ ಮಾತೂ ಆಗಾಗ ಕೇಳಿಬರುತ್ತದೆ. ಇದು ಸುಳ್ಳು. ದಾಳಿಗೆ ಮುಂಚೆ ಎಚ್ಚರಿಸುವುದು ದಾಳಿ ಮಾಡುವವರ ಕರ್ತವ್ಯ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಹೋಗಲಾರದೆ ಉಳಿದ ಮಗನ ರಕ್ಷಣೆ ಅದರಿಂದ ಕಡಿಮೆಯಾಗುವುದಿಲ್ಲ. ‘ಮಾನವ ಗುರಾಣಿ’ ವಿಷಯವೂ ಅಷ್ಟೇ. ಜನರನ್ನು ಅಡ್ಡ ಇಟ್ಟುಕೊಳ್ಳುವುದು ಅಪರಾಧ. ಹಾಗೆ ಇಟ್ಟುಕೊಂಡರು ಅಂತ ಎದುರು ಪಕ್ಷದ ಹೊಣೆ ಕಳಚಿಕೊಳ್ಳುವುದಿಲ್ಲ.

ಇನ್ನು ಪದಗಳು. ಕಣ್ಣು ಮುಚ್ಚಿ ಬಳಸುವ ಒಂದೇ ಪದ ಕನ್ನಡದಲ್ಲಿ ಇಲ್ಲ. ಇರುವುದರಲ್ಲಿ ‘ನಾಗರಿಕರು’ ಉತ್ತಮ. ಎಲ್ಲರಿಗೂ ಅರ್ಥವಾಗುತ್ತದೆ, ತೀರ್ಪು ಕೊಡುವುದಿಲ್ಲ. ಅದರ ತೊಡಕು ಒಂದೇ, ದೇಶದ ಪ್ರಜೆ ಅನ್ನುವ ಅರ್ಥವೂ ಅದಕ್ಕಿದೆ. ಹೀಬ್ರೂ ಭಾಷೆಯಲ್ಲೂ ಹೀಗೇ, ‘ಎಜ್ರಾಹ್’ ಅನ್ನುವ ಪದಕ್ಕೆ ಎರಡೂ ಅರ್ಥ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ದಿನಸಿ ತರಲು ಹೋಗಿದ್ದ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಅವನು ಉಕ್ರೇನಿನ ನಾಗರಿಕ ಅಲ್ಲ. ಯುದ್ಧದ ಕಾನೂನಿನ ಪ್ರಕಾರ ಉಕ್ರೇನಿನಲ್ಲಿ ಸತ್ತ ನಾಗರಿಕ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸತ್ತವರಲ್ಲಿ ಥಾಯ್ಲೆಂಡಿನ ಕೃಷಿ ಕಾರ್ಮಿಕರೂ ನೇಪಾಳದ ವಿದ್ಯಾರ್ಥಿಗಳೂ ಇದ್ದರು. ‘ಇಸ್ರೇಲಿ ನಾಗರಿಕರು’ ಅಂತ ಬರೆದರೆ ಅವರು ಲೆಕ್ಕದಿಂದ ಬಿದ್ದುಹೋಗುತ್ತಾರೆ. ಆದ್ದರಿಂದ ‘ಉಕ್ರೇನ್ ನಾಗರಿಕರು’ ಅನ್ನುವ ಬದಲು ‘ಉಕ್ರೇನಿನಲ್ಲಿ ನಾಗರಿಕರು’ ಅನ್ನಿ. ಒಂದು ವಿಭಕ್ತಿ ಪ್ರತ್ಯಯ ಹಾಕಿದರೆ ಕೆಲಸ ಆಯಿತು.

‘ಜನಸಾಮಾನ್ಯರು’, ‘ಊರ ಜನ’ ವರದಿಯ ಒಳಗೆ ಚೆನ್ನಾಗಿ ಹೊಂದುತ್ತವೆ. ‘ಅಸೈನಿಕರು’ ಬೇಡ. ಓದುಗರಿಗೆ ಅಪರಿಚಿತ, ಮೇಲಾಗಿ ಬಂಡುಕೋರನೂ ಅಸೈನಿಕನೇ ಅಲ್ವಾ? ‘ನಿರಾಯುಧರು’ ಅನ್ನುವುದು ಕೇಳಲು ಚೆನ್ನ, ಅರ್ಥ ದಾರಿ ತಪ್ಪಿಸುತ್ತದೆ. ಬ್ಯಾರಕ್ಕಿನಲ್ಲಿ ಬರಿಗೈಲಿ ಮಲಗಿದ ಸೈನಿಕ ನಾಗರಿಕ ಆಗುವುದಿಲ್ಲ. ಮನೆಯಲ್ಲಿ ಕೋವಿ ಇದ್ದ ಮಾತ್ರಕ್ಕೆ ಯಾರೂ ಹೋರಾಟಗಾರ ಆಗುವುದಿಲ್ಲ. ಕೊಡಗಿನ ಮನೆಗಳಲ್ಲಿ ಕೋವಿ ಪೂಜೆಯ ವಸ್ತು, ಕೊಡವರಿಗೆ ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿಯೂ ಇದೆ. ಅಫ್ಘಾನಿಸ್ತಾನ, ಯೆಮನ್‌ನ ಹಳ್ಳಿಗಳಲ್ಲೂ ಮನೆಯಲ್ಲಿ ಬಂದೂಕು ಇರುವುದು ಸಾಮಾನ್ಯ. ಹೆಣದ ಪಕ್ಕ ಬಂದೂಕು ಇತ್ತು ಅನ್ನುವುದರಿಂದಲೇ ಏನನ್ನೂ ತೀರ್ಮಾನಿಸಬೇಡಿ.

‘ಅಮಾಯಕರು’, ‘ಮುಗ್ಧರು’ ಈ ಎರಡನ್ನೂ ಬಿಡಿ. ಅವು ಕರುಣೆಯಿಂದ ಬಂದ ಪದಗಳು, ನನಗೆ ಗೊತ್ತು. ಆದರೆ ಅವುಗಳನ್ನು ಬಳಸಿದ ದಿನದಿಂದ ಸತ್ತ ಪ್ರತಿಯೊಬ್ಬನೂ ನಡತೆಯ ಸರ್ಟಿಫಿಕೇಟು ತೋರಿಸಬೇಕಾಗುತ್ತದೆ. ಅವನ ಹಳೆಯ ಫೇಸ್‌ಬುಕ್ ಬರಹ ಹುಡುಕಿ ತೆಗೆದು, ‘ಇವನಾ ಅಮಾಯಕ?’ ಅಂತ ಕೇಳುತ್ತಾರೆ. ನಿಮ್ಮ ಓದುಗರು ಮಾಡಿದ್ದೂ ಅದನ್ನೇ.

‘ಕೊಲ್ಯಾಟರಲ್ ಡ್ಯಾಮೇಜ್’ (ದಾಳಿಯ ಗುರಿಯಲ್ಲದವರಿಗೆ ಆಗುವ ಸಾವುನೋವು, ಹಾನಿ) ಅಂತ ಏಜೆನ್ಸಿ ಸುದ್ದಿಯಲ್ಲಿ ಬಂದರೆ ಅದಕ್ಕೆ ಕನ್ನಡ ಪದ ಹುಡುಕಲೇಬೇಡಿ. ಅದು ಸೇನೆಗಳ ಪದ. ಕೊಸೊವೊ ಯುದ್ಧ ನಡೆದ 1999ರಲ್ಲಿ ಜರ್ಮನಿಯ ಭಾಷಾತಜ್ಞರು ಇದರ ಜರ್ಮನ್ ರೂಪವನ್ನು ಆ ವರ್ಷದ ಅತಿ ಕೆಟ್ಟ ಪದ ಅಂತ ಆರಿಸಿದ್ದರು. ‘ಸೇತುವೆಗೆ ಹಾಕಿದ ಬಾಂಬಿಗೆ ಹತ್ತಿರದ ಮನೆಯವರೂ ಸತ್ತರು’ ಅಂತ ನಡೆದದ್ದನ್ನು ಬರೆಯಿರಿ.

ನಡೆದದ್ದನ್ನು ಹೇಳುವುದು ಕನ್ನಡಕ್ಕೆ ಹೊಸದಲ್ಲ. ನಮ್ಮ ವೀರಗಲ್ಲುಗಳನ್ನು ನೋಡಿ. ದನ ಹೊಡೆದುಕೊಂಡು ಹೋದರೆ ‘ತುರುಗೋಳ್’. ಊರು ಹಾಳು ಮಾಡಿದರೆ ‘ಊರಳಿವು’. ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಮೊರೆ ‘ಪೆಣ್ಬುಯ್ಯಲ್’. ದಂಡು ಬಂದಾಗ ಊರಿನವರಿಗೆ ಏನಾಯಿತು ಅನ್ನುವುದು ಆ ಒಂದೊಂದು ಪದದಲ್ಲೇ ಗೊತ್ತಾಗುತ್ತದೆ. ನೀವೂ ಆದಷ್ಟು ಸತ್ತವರು ಯಾರು, ಎಲ್ಲಿದ್ದರು, ಏನು ಮಾಡುತ್ತಿದ್ದರು ಅನ್ನುವುದನ್ನು ಬರೆಯಿರಿ. ‘ರೊಟ್ಟಿ ಕೊಳ್ಳಲು ಸಾಲಿನಲ್ಲಿ ನಿಂತಿದ್ದ 12 ಮಂದಿ’ ಅಂತ ಬರೆಯಲು ಮಾಹಿತಿ ಇದ್ದರೆ, ನಾಗರಿಕ ಅನ್ನುವ ಪದವೇ ಬೇಕಾಗುವುದಿಲ್ಲ. ಯಾರಾದರೂ ಫೋನ್ ಮಾಡಿ ವಾದ ಮಾಡುವುದೂ ಕಷ್ಟ.

ಸಂಖ್ಯೆ ಬರೆಯುವಾಗ ಒಂದು ಎಚ್ಚರ. ಗಾಜಾದ ಆರೋಗ್ಯ ಸಚಿವಾಲಯದ ಸಾವಿನ ಲೆಕ್ಕದಲ್ಲಿ ಹೋರಾಟಗಾರರು, ನಾಗರಿಕರು ಅಂತ ಬೇರೆ ಮಾಡಿರುವುದಿಲ್ಲ. ಅದನ್ನು ‘ಇಷ್ಟು ನಾಗರಿಕರ ಸಾವು’ ಅಂತ ಬರೆದರೆ ತಪ್ಪು. ‘ಇಷ್ಟು ಉಗ್ರರು’ ಅಂತ ಬರೆದರೆ ಇನ್ನೂ ದೊಡ್ಡ ತಪ್ಪು. ‘ಇಷ್ಟು ಜನ’ ಅಂತ ಬರೆದು, ಲೆಕ್ಕ ಯಾರದು ಅಂತ ಹೇಳಿ. ಉಕ್ರೇನಿನ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಕೊಡುವ ಸಂಖ್ಯೆ ನಾಗರಿಕರದ್ದೇ, ಆದರೆ ಅವರು ಪರಿಶೀಲಿಸಿದ ಸಾವುಗಳದ್ದು ಮಾತ್ರ. ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಅಂತ ಅವರೇ ಹೇಳುತ್ತಾರೆ. ‘ಕನಿಷ್ಠ’ ಅನ್ನುವ ಪದ ಅಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳಿ.

ತಪ್ಪು ಅಚ್ಚಾದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ‘ಜನಸಾಮಾನ್ಯರು’ ಅನ್ನುವ ಕಡೆ ‘ನಾಗರಿಕರು’ ಬಂತು ಅಂತ ತಿದ್ದುಪಡಿ ಹಾಕುವುದು ಬೇಡ. ‘ಅಮಾಯಕರು’ ಅಂತ ಬಂದಿದ್ದರೆ ಮರುದಿನದ ವರದಿಯಲ್ಲಿ ಪದ ಬದಲಿಸಿ, ಸಾಕು. ಆದರೆ ನಾಗರಿಕನೊಬ್ಬನನ್ನು ‘ಉಗ್ರ’ ಅಂತ ಬರೆದಿದ್ದರೆ ಮರುದಿನವೇ, ಅದೇ ಪುಟದಲ್ಲಿ, ಆ ಸುದ್ದಿ ಬಂದಷ್ಟೇ ದೊಡ್ಡದಾಗಿ ತಿದ್ದುಪಡಿ ಬರಬೇಕು. ಅವರ ಹೆಸರು ಸುದ್ದಿಯಲ್ಲಿ ಬಂದಿದ್ದರೆ ತಿದ್ದುಪಡಿಯಲ್ಲೂ ಬರಲಿ. ವೆಬ್‌ಸೈಟಿನಲ್ಲಿ ಹಳೆಯದನ್ನು ಸದ್ದಿಲ್ಲದೆ ಅಳಿಸಿ ಸುಮ್ಮನಾಗಬೇಡಿ. ಏನು ಬರೆದಿದ್ದೆವು, ಏನು ತಪ್ಪಾಗಿತ್ತು ಅಂತ ಮೇಲೆ ಒಂದು ಸಾಲು ಸೇರಿಸಿ. ಮನೆಯವರು ಕೇಳಿಕೊಂಡು ಬರುವವರೆಗೆ ಕಾಯಬೇಡಿ. ಅವರಿಗೆ ಆಗ ಬೇರೆ ಕೆಲಸ ಇರುತ್ತದೆ.